ಕೆರೆ ನೀರು ನೋಡುವ ಮುಂಚೆ ಗಾಳಿ ನೋಡಿ

ಆಷಾಢದಲ್ಲಿ ನಮ್ಮ ಹೊಸೂರಿನ ರಾಮನಾಯಕನ ಕೆರೆ ಹತ್ತಿರ ನಿಂತರೆ ಸೆರಗು ಮೂಡಲಿಗೆ ಹಾರುತ್ತದೆ. ಪಾಚಿ, ನೊರೆ, ಪ್ಲಾಸ್ಟಿಕ್ಕು ಎಲ್ಲವೂ ಅತ್ತಲೇ. ಮೂಡಲ ದಡದಲ್ಲಿ ಫೋಟೊ ತೆಗೆದವರು ಕೆರೆ ಹಾಳಾಯಿತು ಅಂತಾರೆ, ಪಡುವಲಲ್ಲಿ ನಿಂತವರು ಚೆನ್ನಾಗೇ ಇದೆಯಲ್ಲ ಅಂತಾರೆ. ಇಬ್ಬರೂ ನೋಡಿದ್ದು ಅರ್ಧ ಕೆರೆ. ನಿಮ್ಮೂರ ಕೆರೆಯನ್ನು ಪೂರ್ತಿ ನೋಡಬೇಕು ಅಂದರೆ ಹೀಗೆ ಮಾಡಿ.

ಗಾಳಿ ಬೀಸಿ ಬರುವ ಕಡೆಯ ದಡದಿಂದ ಒಂದು ಕಿತ್ತಳೆ ಹಣ್ಣನ್ನು ದೂರಕ್ಕೆ ಎಸೆಯಿರಿ. ಸಿಪ್ಪೆ ಸುಲಿಯಬೇಡಿ, ಸುಲಿದರೆ ಮುಳುಗುತ್ತದೆ. ಖಾಲಿ ಬಾಟಲಿಯಾದರೆ ಗಾಳಿಯೇ ತಳ್ಳಿಬಿಡುತ್ತದೆ. ಕಿತ್ತಳೆಯ ಹೆಚ್ಚಿನ ಭಾಗ ನೀರೊಳಗೇ ಇರುವುದರಿಂದ ಅದು ನೀರಿನ ಜೊತೆ ಹೋಗುತ್ತದೆ. ಮೇಲಿನ ನೀರು ಓಡುವುದು ಗಾಳಿಯ ವೇಗದ ನೂರಕ್ಕೆ 2-3 ಪಾಲು ಮಾತ್ರ. ಗಾಳಿ ಸೆಕೆಂಡಿಗೆ 5 ಮೀಟರ್ ಇದ್ದರೆ ಹಣ್ಣು ನಿಮಿಷಕ್ಕೆ 6ರಿಂದ 9 ಮೀಟರ್ ಸಾಗುತ್ತದೆ. ಆಚೆ ದಡಕ್ಕೆ ತಾಗಿದ ನೀರು ಕೆಳಗಿಳಿದು, ತಳದಲ್ಲಿ ಈಚೆಗೆ ವಾಪಸ್ ಬರುತ್ತದೆ. ತೇಲುವ ಪಾಚಿ ಮಾತ್ರ ಅಲ್ಲೇ ಉಳಿದು ಕೆನೆಗಟ್ಟುತ್ತದೆ. ಅದನ್ನು ಕೈಯಲ್ಲಿ ಮುಟ್ಟಬೇಡಿ, ನಾಯಿಗೂ ಕುಡಿಯಲು ಬಿಡಬೇಡಿ. ಕೆಲವು ಪಾಚಿಯಲ್ಲಿ ವಿಷ ಇರುತ್ತದೆ.

ಪರೀಕ್ಷೆಗೆ ನೀರನ್ನು ಎರಡೂ ದಡದಿಂದ ಬೇರೆ ಬೇರೆ ಬಾಟಲಿಯಲ್ಲಿ ತುಂಬಿ. ಗಾಳಿ ದಿಕ್ಕು, ಹೊತ್ತು ಚೀಟಿಯಲ್ಲಿ ಬರೆಯಿರಿ. ಮಧ್ಯಾಹ್ನ ಗಾಳಿ ಜೋರಾದರೆ ಆಳವಿಲ್ಲದ ಕೆರೆಯ ಹೂಳೆಲ್ಲ ಎದ್ದು, ಅದರಲ್ಲಿದ್ದ ರಂಜಕ ನೀರಿಗೆ ಸೇರುತ್ತದೆ. ಅದನ್ನು ತಿಂದೇ ಪಾಚಿ ಮತ್ತೆ ಬೆಳೆಯುವುದು. ಹಾಗಾಗಿ ಬೆಳಿಗ್ಗೆಯ ಬಾಟಲಿಯನ್ನು ಮಧ್ಯಾಹ್ನದ್ದಕ್ಕೆ ಹೋಲಿಸಬೇಡಿ.

ನನಗೆ ಭಯ ಗಾಳಿಯದ್ದಲ್ಲ, ಗಾಳಿ ನಿಂತ ರಾತ್ರಿಯದ್ದು. ಹಗಲೆಲ್ಲ ಮೋಡ, ಅಲೆ ಇಲ್ಲ ಅಂದರೆ ನೀರಿಗೆ ಆಮ್ಲಜನಕ ಸೇರುವುದೇ ಕಡಿಮೆ. ಇರುವುದನ್ನೂ ರಾತ್ರಿ ಪಾಚಿಯೇ ಉಸಿರಾಡಿ ಮುಗಿಸುತ್ತದೆ. ಅಂಥ ರಾತ್ರಿ ಕಳೆದ ಮೇಲೆ ಬೆಳಕು ಹರಿಯುವ ಹೊತ್ತಿಗೇ ಹೋಗಿ ನೋಡಿ. ಮೀನುಗಳು ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಮೀನು ಹಿಡಿಯುವವರಿಗೆ ತಕ್ಷಣ ಹೇಳಿ.

ಅಂತರಗಂಗೆ ಅನ್ನೋ ತೇಲುವ ಕಳೆ ಹಬ್ಬಿದರೂ ಇದೇ ಪಾಡು, ಗಾಳಿಗೆ ನೀರು ಸಿಗುವುದೇ ಇಲ್ಲ. ಅದನ್ನು ತೆಗೆಯಲು ಗಾಳಿಯ ಸಹಾಯವನ್ನೇ ಪಡೆಯಿರಿ. ಎಲ್ಲ ಬಂದು ಮೂಡಲ ದಡಕ್ಕೆ ಒತ್ತಿಕೊಂಡಾಗ, ಖಾಲಿ ಕ್ಯಾನ್ ಕಟ್ಟಿದ ಹಗ್ಗವನ್ನು ಅಡ್ಡ ಹಾಕಿ, ದಡದಿಂದಲೇ ಎಳೆಯಿರಿ. ಕಾರ್ತಿಕದ ಹೊತ್ತಿಗೆ ಗಾಳಿ ತಿರುಗುತ್ತದೆ. ಆಗ ಹಗ್ಗ ಪಡುವಲ ದಡಕ್ಕೆ.