ಅವಲಕ್ಕಿ ಡಬ್ಬಿಯೊಳಗಿನ ಚೀಟಿಗಳು

ಕಕ್ಷಿದಾರರ ಮನೆಗೆ ಹೋದರೆ ನಾನು ಮೊದಲು ಕೇಳುವುದು ಔಷಧಿ ಚೀಟಿ. "ಹಳೇ ಆಸ್ಪತ್ರೆ ಕಾಗದ ಏನಾದ್ರೂ ಇದ್ಯಾ ಅಮ್ಮಾ?" ಅಂದರೆ "ಎಂತದೂ ಇಲ್ಲ ತಂಗಿ" ಅನ್ನುತ್ತಾರೆ. ಚಾ ಕುಡಿದು ಲೋಟ ಕೆಳಗಿಡುವ ಹೊತ್ತಿಗೆ ಒಂದೊಂದೇ ಹೊರಗೆ ಬರುತ್ತವೆ. ದೇವರ ಪಟದ ಹಿಂದಿನಿಂದ, ಹಾಸಿಗೆ ಕೆಳಗಿನ ಪ್ಲಾಸ್ಟಿಕ್ ಕೊಟ್ಟೆಯಿಂದ, ಒಮ್ಮೆ ಅವಲಕ್ಕಿ ಡಬ್ಬಿಯಿಂದ. ಅರ್ಧ ಖಾಲಿಯಾದ ಗುಳಿಗೆ ಸ್ಟ್ರಿಪ್ಪು, ಓಪಿಡಿ ಚೀಟಿ, ಅದರ ಜೊತೆಗೇ ಸುತ್ತಿಟ್ಟ ತಾಯತ. ನಾನು ಎಲ್ಲದರ ಫೋಟೋ ತೆಗೆಯುತ್ತೇನೆ. ತಾಯತದ್ದೂ.

ಕಾರವಾರದಲ್ಲಿ ಕಾನೂನು ನೆರವು ಅಭಿರಕ್ಷಕರ ಕಚೇರಿಯಲ್ಲಿ ನನ್ನ ಕೆಲಸ. ಸರ್ಕಾರದ ಪರವಾಗಿ ವಾದಿಸಲು ಪೂರ್ಣಾವಧಿ ವಕೀಲರಿದ್ದಾರೆ, ಆರೋಪಿಗೂ ಹಾಗೇ ಇರಲಿ ಎಂದು ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ 2022ರಲ್ಲಿ ತಂದ ವ್ಯವಸ್ಥೆ ಇದು. ನಮಗೆ ತಿಂಗಳ ಸಂಬಳ, ಖಾಸಗಿ ಕೇಸು ಹಿಡಿಯುವಂತಿಲ್ಲ. ಕಸ್ಟಡಿಯಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ ನಮ್ಮ ಸೇವೆ ಉಚಿತ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಕಲಂ 12ರಲ್ಲೇ ಅದಿದೆ. ಮಾನಸಿಕ ಕಾಯಿಲೆ ಇರುವವರಿಗೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮತ್ತೊಮ್ಮೆ ಅದೇ ಹಕ್ಕು ಕೊಟ್ಟಿದೆ. ಆದರೂ ಜನರಿಗೆ ನಾವು "ಪುಕ್ಕಟೆ ವಕೀಲರು". ಪುಕ್ಕಟೆ ಅಂದರೆ ಸ್ವಲ್ಪ ಅನುಮಾನ ಇದ್ದೇ ಇರುತ್ತದೆ, ಅಲ್ವಾ?

ಇದಕ್ಕೂ ಮೊದಲು ಶಿರಸಿಯಲ್ಲಿ ಪ್ಯಾನೆಲ್ ವಕೀಲೆಯಾಗಿದ್ದೆ, ಅಂದರೆ ಕಾನೂನು ನೆರವಿನ ಪಟ್ಟಿಯಲ್ಲಿದ್ದು ಕೇಸಿನ ಲೆಕ್ಕದಲ್ಲಿ ಕೆಲಸ ಮಾಡುವವಳು. ನನ್ನ ದೊಡ್ಡ ತಪ್ಪು ಆಗಿದ್ದು ಅಲ್ಲೇ. (ಯಾರ ಗುರುತೂ ಸಿಗದ ಹಾಗೆ ವಿವರ ಬದಲಿಸಿದ್ದೇನೆ.)

ಒಬ್ಬ ಅಂಗಳದಲ್ಲಿ ಒಣ ಹಾಕಿದ್ದ ಅಡಿಕೆ ತುಂಬಿಕೊಂಡು ಹೋಗಿದ್ದ. ಹಾಡಹಗಲಲ್ಲಿ, ಎಲ್ಲರ ಕಣ್ಣೆದುರಿಗೆ, ಅರ್ಧ ಮೂಟೆ ಹೊತ್ತು ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದ. ಯಾರೋ ತರಲು ಹೇಳಿದರಂತೆ. ಯಾರು ಅಂದರೆ ಕಿವಿಯ ಕಡೆ ಬೆರಳು ತೋರಿಸಿದ. ನನಗೆ ಉತ್ಸಾಹ. ಕಾನೂನು ಪುಸ್ತಕದಲ್ಲಿ ಓದಿದ್ದು ಕಣ್ಣೆದುರಿಗೇ ಕೂತಿದೆ! ಮಾರನೇ ದಿನವೇ ಅರ್ಜಿ ಹಾಕಿದೆ. ಈತನಿಗೆ ತನ್ನ ಪರ ವಾದ ನಡೆಸಿಕೊಳ್ಳುವ ಮನಸ್ಥಿತಿ ಇಲ್ಲ, ವಿಚಾರಣೆ ನಿಲ್ಲಿಸಿ, ವೈದ್ಯರ ವರದಿ ತರಿಸಿ ಎಂದು. ವಿಚಾರಣೆ ನಿಂತಿತು. ವರದಿ ಬರಲಿಲ್ಲ. ಒಂದು ಸಲ ಎಸ್ಕಾರ್ಟ್ ಪೊಲೀಸರಿಲ್ಲ, ಇನ್ನೊಂದು ಸಲ ಡಾಕ್ಟರ್ ರಜೆ, ಆಮೇಲೆ ಕೋರ್ಟಿಗೇ ಬೇಸಿಗೆ ರಜೆ. ಅಂಥದ್ದೇ ಕಳ್ಳತನದಲ್ಲಿ ಒಳಗೆ ಹೋದವರು ಜಾಮೀನು ಪಡೆದು ಮನೆಗೆ ಹೋದರು, ಕೆಲವರ ಕೇಸೂ ಮುಗಿಯಿತು. ಇವನು ಮಾತ್ರ ತಿಂಗಳುಗಟ್ಟಲೆ ಒಳಗೇ ಇದ್ದ. ಅವನ ಅಣ್ಣ ಒಂದು ದಿನ ಕೋರ್ಟಿನ ಮೆಟ್ಟಿಲ ಮೇಲೆ ಕೇಳಿದ. "ನೀವು ಈ ಅರ್ಜಿ ಹಾಕದೇ ಇದ್ದಿದ್ರೆ ತಮ್ಮ ಇಷ್ಟೊತ್ತಿಗೆ ಮನೇಲಿರ್ತಿದ್ದ ಅಲ್ವಾ ವಕೀಲ್ರೇ?"

ಹೌದು, ಇರ್ತಿದ್ದ.

ಅರ್ಜಿ ಹಾಕಿದ್ದು ತಪ್ಪಲ್ಲ. ಅದೊಂದನ್ನೇ ಹಾಕಿ ಸುಮ್ನೆ ಕೂತಿದ್ದು ತಪ್ಪು. ವಿಚಾರಣೆ ನಿಂತರೂ ಆರೋಪಿ ಒಳಗೇ ಕೊಳೆಯಬೇಕಿಲ್ಲ. ಆಸ್ಪತ್ರೆಯಲ್ಲೇ ಇರಬೇಕಾದಷ್ಟು ಕಾಯಿಲೆ ಇಲ್ಲದಿದ್ದರೆ, ನೆಂಟರೋ ಸ್ನೇಹಿತರೋ ತಪ್ಪದೆ ಚಿಕಿತ್ಸೆ ಕೊಡಿಸುತ್ತೇವೆ, ಅವನಿಗೂ ಬೇರೆಯವರಿಗೂ ಅಪಾಯ ಆಗದ ಹಾಗೆ ನೋಡಿಕೊಳ್ಳುತ್ತೇವೆ ಎಂದು ಬರೆದುಕೊಟ್ಟರೆ ಬಿಡಬಹುದು. ಅಪರಾಧ ಜಾಮೀನು ಸಿಗುವಂಥದ್ದೋ ಅಲ್ಲವೋ ಎಂಬ ಪ್ರಶ್ನೆ ಇಲ್ಲಿ ಇಲ್ಲ. ಆಗ ಅದು ಹಳೇ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) ಕಲಂ 330. ಈಗ ನಾಗರಿಕ ಸುರಕ್ಷಾ ಸಂಹಿತೆಯ 369. ಅಣ್ಣ ಮೊದಲ ದಿನದಿಂದಲೂ ಬರೆದುಕೊಡಲು ತಯಾರಿದ್ದ. ಕೇಳಬೇಕಾದವಳು ನಾನು, ಕೇಳಿರಲಿಲ್ಲ. ಈಗ ಎರಡೂ ಅರ್ಜಿ ಒಂದೇ ದಿನ ಹೋಗುತ್ತವೆ. ಎಷ್ಟೋ ಜನ ಮನೆಯಲ್ಲಿ ಗುಳಿಗೆ ತಿಂದು ಕೆಲವು ವಾರಗಳಲ್ಲಿ ಸುಧಾರಿಸುತ್ತಾರೆ. ಆಮೇಲೆ ಕೇಸು ಎಲ್ಲರ ಕೇಸಿನಂತೆಯೇ ನಡೆಯುತ್ತದೆ.

ಹೊಸ ವಕೀಲರು ಕಲಸಿಕೊಳ್ಳುವ ಇನ್ನೊಂದು ವಿಷಯವಿದೆ. ಇವತ್ತು ಅವನಿಗೆ ಕೋರ್ಟಿನಲ್ಲಿ ನಡೆಯುವುದು ತಿಳಿಯುತ್ತದಾ ಎಂಬುದು ಒಂದು ಪ್ರಶ್ನೆ. ಆವತ್ತು ಆ ಕೆಲಸ ಮಾಡುವಾಗ ಏನು ಮಾಡುತ್ತಿದ್ದೇನೆ, ಅದು ತಪ್ಪು ಎಂಬುದು ತಿಳಿದಿತ್ತಾ ಎಂಬುದು ಬೇರೆಯೇ ಪ್ರಶ್ನೆ. ಮೊದಲನೆಯದಕ್ಕೆ ಡಾಕ್ಟರ್ ಈಗ ಪರೀಕ್ಷೆ ಮಾಡಿ ಉತ್ತರ ಹೇಳಬಲ್ಲರು. ಎರಡನೆಯದಕ್ಕೆ ಅವಲಕ್ಕಿ ಡಬ್ಬಿಯೇ ಬೇಕು.

ಜೈಲಿನ ಭೇಟಿಯ ಬಗ್ಗೆಯೂ ಸ್ವಲ್ಪ ಹೇಳುತ್ತೇನೆ. ಬೆಳಗಿನ ಗುಳಿಗೆ ಕೊಟ್ಟ ಮೇಲೆ ಅವರು ತೂಕಡಿಸುತ್ತಿರುತ್ತಾರೆ. ಯಾವಾಗ ಕೊಡುತ್ತಾರೆ ಅಂತ ವಾರ್ಡರ್ ಹತ್ತಿರ ಕೇಳಿಕೊಂಡು ಮಧ್ಯಾಹ್ನ ಹೋಗುತ್ತೇನೆ. ಕಾರವಾರ ಕಡೆಯವರಾದರೆ ಕೊಂಕಣಿಯಲ್ಲೇ ಮಾತು. "ಯಾಕೆ ಹೀಗೆ ಮಾಡಿದೆ?" ಎಂದು ಕೇಳುವುದಿಲ್ಲ. ಪೊಲೀಸರು ಹತ್ತು ಸಲ ಕೇಳಿರುತ್ತಾರೆ. "ಆವತ್ತು ಬೆಳಗ್ಗೆ ಎಂತ ತಿಂದೆ?" ಅಂತ ಶುರು ಮಾಡುತ್ತೇನೆ. ಎಲ್ಲದಕ್ಕೂ "ಹೌದು" ಅನ್ನುವವರ ಬಗ್ಗೆ ಹೆಚ್ಚು ಎಚ್ಚರ ಬೇಕು. ಅವರಿಗೆ ನಾವು ಬೇಗ ಎದ್ದು ಹೋದರೆ ಸಾಕು. ಜಡ್ಜ್ ಎದುರಿಗೂ "ತಪ್ಪು ಒಪ್ಪುತ್ತೀಯಾ?" ಅಂದರೆ ಅದೇ "ಹೌದು". ಹಾಗಾಗಿ ನಡುವೆ ಒಂದು ಸುಳ್ಳು ಪ್ರಶ್ನೆ ಹಾಕುತ್ತೇನೆ. "ನಿಂಗೆ ಇಬ್ರು ಮಕ್ಕಳಲ್ವಾ?" ಮದುವೆಯೇ ಆಗದವನು "ಹೌದು" ಅಂದರೆ ಅಲ್ಲಿಯವರೆಗೆ ಬರೆದುಕೊಂಡಿದ್ದನ್ನೆಲ್ಲ ಹರಿದು ಹಾಕುತ್ತೇನೆ. ಗುಳಿಗೆಯಿಂದ ಕೈ ನಡುಗುತ್ತದೆ, ಬಾಯಿ ಒಣಗುತ್ತದೆ, ನಾಲಿಗೆ ತಡವರಿಸುತ್ತದೆ. ಕೋರ್ಟಿನಲ್ಲಿ ನೋಡಿದವರಿಗೆ ಇದು ಕುಡಿದು ಬಂದವನ ಹಾಗೇ ಕಾಣುವುದು. ಮೊದಲೇ ಮೆಮೊ ಹಾಕಿ ತಿಳಿಸಿಬಿಡುತ್ತೇನೆ.

ಡಬ್ಬಿಯ ಕೇಸು ಕಡಲ ಬದಿಯದು. ಜೂನ್ ತಿಂಗಳು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿ ಕಡಲಿಗಿಳಿಯುವಂತಿಲ್ಲ. ಗಂಡಸರೆಲ್ಲ ಮನೆಯಲ್ಲಿ, ಕೈಯಲ್ಲಿ ದುಡ್ಡಿಲ್ಲ. ಈ ಹುಡುಗ ತನ್ನ ಸೋದರಮಾವನಿಗೇ ಕತ್ತಿಯಿಂದ ಹೊಡೆದ. ಮಾವ ಬಲೆಗೆ ಮಾಟ ಮಾಡಿಸಿದ್ದಾನೆ, ಅದೇ ಬಲೆಯಲ್ಲಿ ತನ್ನ ಕುತ್ತಿಗೆ ಬಿಗಿಯುತ್ತಾನೆ ಎಂದು ಅವನ ನಂಬಿಕೆ. ಮಾವ ಬದುಕಿಕೊಂಡ. ಕೇಸು ಕೊಲೆ ಯತ್ನ. ಹುಡುಗನ ತಾಯಿ ಗಾಯಗೊಂಡವನ ಅಕ್ಕ. ಆಕೆ ಬೆಳಗ್ಗೆ ತಮ್ಮನಿಗೆ ಆಸ್ಪತ್ರೆಗೆ ಗಂಜಿ ಒಯ್ದು, ಸಂಜೆ ಮಗನನ್ನು ನೋಡಲು ಜೈಲಿನ ಬಾಗಿಲಿಗೆ ಬರುತ್ತಿದ್ದಳು.

ದೂರಿನಲ್ಲಿ "ಕುಡಿದ ಅಮಲಿನಲ್ಲಿ" ಎಂಬ ಎರಡು ಪದ ಇತ್ತು. ಇಂಥ ಕೇಸಿನಲ್ಲಿ ಅಷ್ಟು ಸಾಕು, ಕಾಯಿಲೆಯಿಂದಾಗಿ ತಾನೇನು ಮಾಡುತ್ತಿದ್ದೇನೆ, ಅದು ತಪ್ಪು ಎಂಬುದು ಅವನಿಗೆ ತಿಳಿದಿರಲಿಲ್ಲ ಎಂಬ ನಮ್ಮ ವಾದ ಮುಳುಗುತ್ತದೆ. ತಾನಾಗಿ ಕುಡಿದವನಿಗೆ ಕಾನೂನು ವಿನಾಯಿತಿ ಕೊಡುವುದಿಲ್ಲ. ಆದರೆ ಆ ರಾತ್ರಿ ಪೊಲೀಸರು ಹುಡುಗನನ್ನೂ ವೈದ್ಯಕೀಯ ಪರೀಕ್ಷೆಗೆ ಒಯ್ದಿದ್ದರು. ಆ ಕಾಗದ ಚಾರ್ಜ್‌ಶೀಟಿನಲ್ಲಿ ಇರಲಿಲ್ಲ. ದಾಖಲೆ ತರಿಸಲು ಅರ್ಜಿ ಹಾಕಿದೆ. ಬಂತು. ಮದ್ಯದ ವಾಸನೆ ಇಲ್ಲ ಎಂದು ಡ್ಯೂಟಿ ಡಾಕ್ಟರ್ ಬರೆದಿದ್ದರು.

ಡಬ್ಬಿಯಲ್ಲಿ ಎರಡು ಆಸ್ಪತ್ರೆಗಳ ಚೀಟಿಗಳಿದ್ದವು, ಕೊನೆಯದು ಮಾರ್ಚ್ ತಿಂಗಳದು. ಸ್ಟ್ರಿಪ್ಪಿನಲ್ಲಿ ಉಳಿದ ಗುಳಿಗೆ ಎಣಿಸಿದೆ. ಏಪ್ರಿಲ್ ನಡುವಿನಲ್ಲೇ ಬಿಟ್ಟಿದ್ದ. "ಆರಾಮಾಗಿದ್ದ ತಂಗಿ, ಇನ್ಯಾಕೆ ಅಂತ ನಾನೇ ಬಿಡಿಸಿದೆ" ಅಂದಳು ತಾಯಿ. ಇದನ್ನು ಕೋರ್ಟಿನಲ್ಲಿ ಆಕೆಯ ಬಾಯಿಂದಲೇ ಹೇಳಿಸಬೇಕಾಯಿತು.

ಪಾಟೀ ಸವಾಲಿನಲ್ಲಿ ನಮಗೆ ಹೆಚ್ಚು ನೆರವಾದವನು ಹೊಡೆತ ತಿಂದ ಮಾವನೇ. ಹೊಡೆದ ಮೇಲೆ ಓಡಿ ಹೋದನಾ ಎಂದು ಕೇಳಿದೆ. "ಇಲ್ಲ, ಅಲ್ಲೇ ಕೂತು ಬಲೆ ಬಿಚ್ಚುತ್ತಿದ್ದ" ಎಂದ. ಘಟನೆಗೆ ಮೊದಲು, ಆ ಹೊತ್ತಿಗೆ, ಆಮೇಲೆ ಅವನ ನಡವಳಿಕೆ ಹೇಗಿತ್ತು ಎಂಬುದನ್ನೇ ಕೋರ್ಟು ನೋಡುವುದು. ಕಾಯಿಲೆ ಇದೆ ಎಂಬ ಚೀಟಿಯೊಂದೇ ಸಾಲದು. ತನಿಖಾಧಿಕಾರಿಗೆ ಎರಡೇ ಪ್ರಶ್ನೆ. ಹುಡುಗನ ಮಂಡೆ ಸಮ ಇಲ್ಲ ಅಂತ ಊರವರು ಹೇಳಿದ್ದರಾ? ಹೇಳಿದ್ದರು. ಮನೋವೈದ್ಯರಿಗೆ ತೋರಿಸಿದಿರಾ? ಇಲ್ಲ. ಹಿಂದಿನ ಕಾಯಿಲೆ ಗೊತ್ತಾದ ಮೇಲೂ ಪರೀಕ್ಷೆ ಮಾಡಿಸದಿದ್ದರೆ ಅದರ ಲಾಭ ಆರೋಪಿಗೆ ಹೋಗಬಹುದು ಎಂದು ಸುಪ್ರೀಂ ಕೋರ್ಟ್ 2007ರ ಬಾಪು ಅಲಿಯಾಸ್ ಗಜರಾಜ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಸಾಬೀತು ಮಾಡುವ ಭಾರ ನಮ್ಮದೇ, ಆದರೆ ಸಿವಿಲ್ ದಾವೆಯಲ್ಲಿ ಇರುವಷ್ಟೇ ಭಾರ, ಅಂದರೆ ನಮ್ಮ ಮಾತೇ ಹೆಚ್ಚು ಸಂಭವ ಎಂದು ತೋರಿಸಿದರೆ ಸಾಕು. ಅದು 1964ರ ದಹ್ಯಾಭಾಯಿ ತೀರ್ಪಿನಿಂದ ಬಂದ ಮಾತು. ಈ ಎರಡು ತೀರ್ಪಿನ ಪ್ರತಿ ನನ್ನ ಬ್ಯಾಗಿನಲ್ಲೇ ಇರುತ್ತವೆ.

ಇದಕ್ಕೆಲ್ಲ ಮುಂಚೆ ಇನ್ನೊಂದು ತಕರಾರು ಇತ್ತು. ಹುಡುಗನಿಗೇ ಈ ವಾದ ಬೇಡ. "ಹುಚ್ಚ ಅಂತ ಬರೀಬೇಡಿ ಅಕ್ಕ. ಯಾರೂ ದೋಣಿ ಹತ್ತಿಸಿಕೊಳ್ಳುದಿಲ್ಲ." ಮೂರು ಭೇಟಿ ಬರೀ ಇದೇ ಮಾತು. ಗೆದ್ದರೂ ಆವತ್ತೇ ಮನೆಗೆ ಹೋಗುವುದಿಲ್ಲ ಎಂಬುದನ್ನೂ ಹೇಳಿದೆ. ಈ ಕಾರಣಕ್ಕೆ ಬಿಡುಗಡೆಯಾದರೆ, ಕೃತ್ಯ ಮಾಡಿದ್ದು ಇವನೇ ಎಂದು ತೀರ್ಪಿನಲ್ಲಿ ಬರುತ್ತದೆ. ಆಮೇಲೆ ಸುರಕ್ಷಿತ ಕಸ್ಟಡಿಗೆ ಕಳಿಸಬಹುದು, ಇಲ್ಲವೇ ನೆಂಟರಿಗೆ ಒಪ್ಪಿಸಬಹುದು. ಕಸ್ಟಡಿ ಎಷ್ಟು ದಿನ ಎಂದು ಯಾರೂ ಬರೆದುಕೊಡುವುದಿಲ್ಲ. ಸಣ್ಣ ಕೇಸಿನಲ್ಲಿ ಶಿಕ್ಷೆಗಿಂತ ಇದೇ ಉದ್ದವಾಗಬಹುದು. ಅಂಥ ಕಡೆ ನಾನು ಈ ವಾದ ಎತ್ತುವುದೇ ಇಲ್ಲ. ಕೊಲೆ ಯತ್ನದಲ್ಲಿ ಲೆಕ್ಕ ಬೇರೆ. ಕೊನೆಗೆ ಅವನು ಒಪ್ಪಿದ, ಒಂದು ಷರತ್ತಿನ ಮೇಲೆ. ನಾನು ಬರೆಯುವ ಕಾಗದದಲ್ಲೆಲ್ಲ "ಕಾಯಿಲೆ" ಎಂದೇ ಇರಬೇಕು. ಕಾನೂನಿನ "ಅಸ್ವಸ್ಥ ಚಿತ್ತ" ಎಂಬ ಪದ ಕಲಂ ಹೇಳುವ ಕಡೆ ಮಾತ್ರ ಬಂತು.

ಘಟನೆ ಹೊಸ ಕಾನೂನು ಜಾರಿಗೆ ಬಂದ 2024ರ ಜುಲೈ 1ಕ್ಕಿಂತ ಹಿಂದಿನದು, ಹಾಗಾಗಿ ಹಳೇ ದಂಡ ಸಂಹಿತೆಯ ಕಲಂ 84ರ ಪ್ರಕಾರ ಬಿಡುಗಡೆ ಆಯಿತು. ಹೊಸ ನ್ಯಾಯ ಸಂಹಿತೆಯಲ್ಲಿ ಅದು 22. ಕೆಲವು ತಿಂಗಳು ಆಸ್ಪತ್ರೆಯಲ್ಲಿದ್ದು, ಡಾಕ್ಟರ ವರದಿ ಬಂದ ಮೇಲೆ ಕುಟುಂಬದ ವಶಕ್ಕೆ. ಬಾಂಡಿಗೆ ಸಹಿ ಹಾಕಲು ತಾಯಿಯ ಜೊತೆ ಮಾವನೂ ಬಂದಿದ್ದ.

ಈಗ ಅವನು ದೋಣಿ ಹತ್ತುವುದಿಲ್ಲ. ದಡದಲ್ಲಿ ಕೂತು ಬಲೆ ರಿಪೇರಿ ಮಾಡುತ್ತಾನೆ. ಕೈ ನಡುಗುವುದರಿಂದ ಕೆಲಸ ನಿಧಾನ. ಹೋದ ತಿಂಗಳು ಕಚೇರಿಗೆ ಬಂದು, ಗುಳಿಗೆ ಕಡಿಮೆ ಮಾಡಲು ಕೋರ್ಟಿನಿಂದ ಆರ್ಡರ್ ತರಬಹುದಾ ಅಂತ ಕೇಳಿದ.

"ಅದು ಡಾಕ್ಟರ್ ಹತ್ರ ಕೇಳ್ಬೇಕು ಮಾರಾಯ" ಅಂದೆ.

"ಡಾಕ್ಟರ್ ನಿಮ್ಮಷ್ಟು ಹೊತ್ತು ಕೂರುದಿಲ್ಲ ಅಕ್ಕ."

ತಾಲೂಕು ಆಸ್ಪತ್ರೆಯಲ್ಲಿ ಮಾನಸಿಕ ಕಾಯಿಲೆಯವರನ್ನು ನೋಡುವ ಮನೋಚೈತನ್ಯ ಕ್ಲಿನಿಕ್ ಇರುವುದು ಮಂಗಳವಾರ. ಆ ಮಂಗಳವಾರ ನನಗೆ ಮಧ್ಯಾಹ್ನದ ಮೇಲೆ ಕೇಸಿರಲಿಲ್ಲ. ಅವನ ಜೊತೆ ಹೋಗಿ ಸಾಲಿನಲ್ಲಿ ಕೂತೆ.