ಮುಂಬೈಯಿಂದ ಕಾರ್ತಹೇನಾಕ್ಕೆ: ಕೋಟೆಗೋಡೆಯ ಬಂದರು ನಗರವನ್ನು ನೋಡುವ ಬಗೆ

ಮುಂಬೈಯ ಫೋರ್ಟ್ ಪ್ರದೇಶಕ್ಕೆ ದಿನವೂ ಕೆಲಸಕ್ಕೆ ಹೋಗಿಬರುವ ನಮ್ಮ ಕನ್ನಡಿಗರಿಗೆ ಅಲ್ಲಿ ಕಾಣುವುದು ಕೋಟೆಯ ಹೆಸರಷ್ಟೇ. ಗೋಡೆಗಳನ್ನು 1860ರ ದಶಕದಲ್ಲೇ ಕೆಡವಲಾಯಿತು. ಕೊಲಂಬಿಯಾದ ಕೆರಿಬಿಯನ್ ಕರಾವಳಿಯಲ್ಲಿ 1533ರಲ್ಲಿ ಸ್ಪೇನಿನವರು ಕಟ್ಟಿದ ಕಾರ್ತಹೇನಾದಲ್ಲಾದರೋ ಹಳೆಯ ಊರನ್ನು ಕಾಯ್ದ ಗೋಡೆಯ ಮೇಲೆ ಇಂದಿಗೂ ನಡೆದಾಡಬಹುದು.

ಹೊರಡುವ ಮುನ್ನ ಹಳದಿ ಜ್ವರದ ಲಸಿಕೆಯನ್ನು ಸರ್ಕಾರದ ಅಧಿಕೃತ ಕೇಂದ್ರದಲ್ಲಿ ಹಾಕಿಸಿಕೊಳ್ಳಲೇಬೇಕು. ಅದರ ಪ್ರಮಾಣಪತ್ರ ಊರ್ಜಿತವಾಗುವುದು 10 ದಿನಗಳ ನಂತರ. ಅದಿಲ್ಲದೆ ಕೊಲಂಬಿಯಾದಿಂದ ಮರಳಿದವರನ್ನು ನಮ್ಮ ವಿಮಾನ ನಿಲ್ದಾಣದಲ್ಲಿ ತಡೆದು ಪ್ರತ್ಯೇಕವಾಗಿ ಇರಿಸಬಹುದು. ನೇರ ವಿಮಾನವಿಲ್ಲ. ಅಮೆರಿಕದ ಮೂಲಕ ಹೋಗುವುದಾದರೆ ವಿಮಾನ ಬದಲಿಸುವುದಕ್ಕೂ ಆ ದೇಶದ ವೀಸಾ ಬೇಕೆಂಬುದನ್ನು ಗಮನದಲ್ಲಿಟ್ಟು ಟಿಕೆಟ್ ಕೊಳ್ಳಬೇಕು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಮಳೆಯ ಕಾಟ ಕಡಿಮೆ.

ಮೊದಲ ಬೆಳಗನ್ನು ಸಾನ್ ಫೆಲಿಪೆ ಕೋಟೆಗೆ ಮೀಸಲಿಡಿ. ಬಿಸಿಲೇರಿದ ಮೇಲೆ ಆ ಇಳಿಜಾರುಗಳನ್ನು ಹತ್ತುವುದು ಪ್ರಯಾಸ. ಮೇಲಿನ ನೋಟಕ್ಕಿಂತಲೂ ಒಳಗಿನ ಸುರಂಗಗಳಿಗೆ ಹೆಚ್ಚು ಸಮಯ ಕೊಡಬೇಕೆಂಬುದು ನನ್ನ ಅಭಿಪ್ರಾಯ. ಶತ್ರು ಒಳನುಗ್ಗಿದರೆ ಅವನ ಹೆಜ್ಜೆಯ ಸದ್ದು ದೂರದಲ್ಲಿದ್ದವರಿಗೂ ಕೇಳಿಸುವಂತೆ ಅವುಗಳನ್ನು ಕಟ್ಟಲಾಗಿದೆ, ಕಾವಲಿನ ಸೈನಿಕರು ಮರೆಯಾಗಿ ನಿಲ್ಲಲು ಪಕ್ಕದ ಗೋಡೆಗಳಲ್ಲಿ ಗೂಡುಗಳಿವೆ. 1741ರಲ್ಲಿ ಎಡ್ವರ್ಡ್ ವರ್ನನ್‌ನ ದೊಡ್ಡ ಬ್ರಿಟಿಷ್ ನೌಕಾಪಡೆ ಮುತ್ತಿಗೆ ಹಾಕಿದಾಗ ಸ್ಪೇನಿನ ನೌಕಾಧಿಪತಿ ಬ್ಲಾಸ್ ದೆ ಲೆಸೊ ಮತ್ತು ಅವನ ಜೊತೆಗಾರರು ಊರನ್ನು ಉಳಿಸಿಕೊಂಡರು. ಆಕ್ರಮಣಕಾರರನ್ನು ಹಣ್ಣುಮಾಡುವುದರಲ್ಲಿ ಹಳದಿ ಜ್ವರದ ಪಾಲೂ ದೊಡ್ಡದಿತ್ತು.

ಹಳೆಯ ಊರಿನ ಹೆಬ್ಬಾಗಿಲಾದ ಗಡಿಯಾರ ಗೋಪುರವನ್ನು ದಾಟಿದೊಡನೆ ಸಿಗುವ ಲೊಸ್ ಕೊಚೆಸ್ ಚೌಕದಲ್ಲಿ ಫೋಟೊ ತೆಗೆದು ಮುಂದೆ ಸಾಗಿಬಿಡಬೇಡಿ. ಆಫ್ರಿಕಾದಿಂದ ಸೆರೆಹಿಡಿದು ತಂದ ಜನರನ್ನು ಹಿಂದೆ ಇಲ್ಲಿ ಮಾರುತ್ತಿದ್ದರು. ಹಡಗುಗಳಲ್ಲಿ ಬಂದಿಳಿಯುತ್ತಿದ್ದ ಆ ಗುಲಾಮರ ಆರೈಕೆಗೆ ಬದುಕನ್ನೇ ಮುಡಿಪಿಟ್ಟ ಪಾದ್ರಿ ಪೇದ್ರೊ ಕ್ಲಾವೆರ್‌ರ ಅಸ್ಥಿಗಳು ಸಮೀಪದಲ್ಲೇ ಅವರ ಹೆಸರಿನ ಚರ್ಚಿನಲ್ಲಿವೆ. ಬಣ್ಣದ ಉಡುಪಿನಲ್ಲಿ ಹಣ್ಣು ಮಾರುವ ಪಾಲೆಂಕೆರಾ ಹೆಂಗಸರ ಮೂಲ, ಗುಲಾಮಗಿರಿಯಿಂದ ತಪ್ಪಿಸಿಕೊಂಡವರು ಕಟ್ಟಿದ ಸಾನ್ ಬಾಸಿಲಿಯೊ ದೆ ಪಾಲೆಂಕೆ ಎಂಬ ಹಳ್ಳಿ. ಕೇಳದೆ ಅವರ ಫೋಟೊ ತೆಗೆಯಬಾರದು, ತೆಗೆದರೆ ಹಣ ಕೊಡಬೇಕು. ಕ್ರೈಸ್ತ ಮತಕ್ಕೆ ವಿರುದ್ಧವಾಗಿ ನಡೆದವರೆಂದು ಜನರನ್ನು ದಂಡಿಸುತ್ತಿದ್ದ ‘ಇನ್‌ಕ್ವಿಸಿಷನ್’ ಎಂಬ ವಿಚಾರಣಾ ನ್ಯಾಯಾಲಯದ ಅರಮನೆ ಮತ್ತು ಕೋಟೆಗೋಡೆಯಲ್ಲಿರುವ ಹಳೆಯ ಕಮಾನು ಕೋಣೆಗಳಾದ ಲಾಸ್ ಬೋವೆದಾಸ್‌ನ ಅಂಗಡಿಗಳನ್ನು ಸಮಯವಿದ್ದರೆ ನೋಡಬಹುದು.

ಸಸ್ಯಾಹಾರಿಗಳು ‘ಸಿನ್ ಕಾರ್ನೆ, ಸಿನ್ ಪೆಸ್ಕಾದೊ’, ಅಂದರೆ ಮಾಂಸ ಬೇಡ, ಮೀನು ಬೇಡ, ಎಂಬ ಮಾತನ್ನು ಕಲಿತಿದ್ದರೆ ಉಪವಾಸ ಬೀಳುವುದಿಲ್ಲ. ತೆಂಗಿನಹಾಲಿನ ಅನ್ನ, ಹಸಿ ಬಾಳೆಕಾಯಿಯನ್ನು ತಟ್ಟಿ ಕರಿದ ಪಾತಕೋನೆಸ್, ಅಲಸಂದೆ ರುಬ್ಬಿ ಕರಿದ ಬುನ್ಯುಎಲೊ ನಮ್ಮ ಕರಾವಳಿಯವರ ನಾಲಿಗೆಗೆ ಸುಲಭವಾಗಿ ಒಗ್ಗುತ್ತವೆ.