ಮಿರ್ಚಿ ಬಂಡಿ ಮುಂದೆ ಮನಸ್ಸು ಹಿಡಿಯುವುದು ಹೇಗೆ?

ಬಳ್ಳಾರಿಯಲ್ಲಿ ಸಂಜೆ ಕ್ಲಾಸ್ ಮುಗಿಸಿ ಬರುವಾಗ ಮಿರ್ಚಿ ಕರಿಯುವ ವಾಸನೆ ಬಂದರೆ ಕಾಲು ತಾನಾಗೇ ಅತ್ತ ತಿರುಗುತ್ತದೆ. ಒಗ್ಗರಣೆ ಮಂಡಕ್ಕಿ, ನಾಲ್ಕು ಮಿರ್ಚಿ, ಮೇಲೊಂದು ಕೋಲಾ. ರಾತ್ರಿ ಹಾಸ್ಟೆಲ್ ಊಟ ಸೇರುವುದಿಲ್ಲ. ಹನ್ನೊಂದಕ್ಕೆ ಮತ್ತೆ ಹಸಿವು, ಆಗ ಚಿಪ್ಸ್. ಓದುವಾಗ ನಾನೂ ಹೀಗೇ ಇದ್ದೆ. ಮನಸ್ಸು ಗಟ್ಟಿ ಮಾಡಿಕೋ ಅಂತ ಎಲ್ಲರೂ ಹೇಳಿದರು. ಹಸಿದು ಬಂಡಿ ಹತ್ತಿರ ಹೋಗಬೇಡ ಅಂತ ಯಾರೂ ಹೇಳಲಿಲ್ಲ.

ಮೊದಲು ಒಂದು ವಾರ ಸುಮ್ನೆ ಬರೆದಿಡಿ. ಏನು ತಿಂದಿರಿ, ಎಷ್ಟು ಹೊತ್ತಿಗೆ, ಹಸಿವಿಗೋ ಗೆಳೆಯರ ಜೊತೆಗೋ ಬೇಸರಕ್ಕೋ. ಏನನ್ನೂ ಬದಲಿಸಬೇಡಿ. ಎಡವುವ ಹೊತ್ತು ಯಾವುದು ಅಂತ ತಾನಾಗೇ ಕಾಣುತ್ತದೆ.

ಆಮೇಲೆ ಆ ಹೊತ್ತಿಗೆ ಮುಂಚೆ ಹೊಟ್ಟೆಗೆ ಏನಾದರೂ ಹಾಕಿ. ಇದಕ್ಕೆ ನಮ್ಮ ಕಡೆಯ ಖಡಕ್ ರೊಟ್ಟಿಯಷ್ಟು ಒಳ್ಳೆಯದು ನನಗೆ ಬೇರೆ ಕಂಡಿಲ್ಲ. ನೀರಿನಂಶ ತೀರಾ ಕಡಿಮೆ ಇರುವುದರಿಂದ ವಾರಗಟ್ಟಲೆ ಕೆಡುವುದಿಲ್ಲ. ಸಿರುಗುಪ್ಪ, ಸಂಡೂರು ಕಡೆಯಿಂದ ಬಂದವರು ಊರಿಗೆ ಹೋದಾಗ ಒಂದು ಡಬ್ಬಿ ತುಂಬಿಸಿಕೊಂಡು ಬನ್ನಿ. ಜೋಳದಲ್ಲಿ ನಾರು ಜಾಸ್ತಿ, ಹೊಟ್ಟೆ ಬೇಗ ಖಾಲಿ ಅನಿಸುವುದಿಲ್ಲ. ಜೊತೆಗೆ ಶೇಂಗಾ ಚಟ್ನಿ ಪುಡಿ. 100 ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದೆ. ಮೆಸ್ಸಿನಲ್ಲಿ ಮೊಸರು ಸಿಕ್ಕರೆ ಇನ್ನೇನು ಬೇಕು? ಬೆಳಿಗ್ಗೆ ನೆನೆಹಾಕಿದ ಹೆಸರುಕಾಳು ಸಂಜೆಗೆ ತಯಾರು. ಅದಕ್ಕೆ ಒಲೆಯೂ ಬೇಡ.

ಮೂರನೆಯದು, ಮಾತು ಮೊದಲೇ ಕಟ್ಟಿಟ್ಟುಕೊಳ್ಳಿ. ‘ಕಡಿಮೆ ತಿನ್ನುತ್ತೇನೆ’ ಅಂದರೆ ಸಾಲದು. ‘ಗೆಳೆಯರು ಬಂಡಿಗೆ ಕರೆದರೆ, ಎರಡು ರೊಟ್ಟಿ ತಿಂದೇ ಹೊರಡುತ್ತೇನೆ’ ಅನ್ನಿ. ಹೀಗಾದರೆ ಹೀಗೆ ಅಂತ ಮೊದಲೇ ಗೊತ್ತುಮಾಡಿಕೊಂಡವರು ಅಂದುಕೊಂಡದ್ದನ್ನು ಹೆಚ್ಚು ನಡೆಸುತ್ತಾರೆ ಅಂತ ಮನಶ್ಶಾಸ್ತ್ರಜ್ಞ ಪೀಟರ್ ಗಾಲ್ವಿಟ್ಜರ್ ತೋರಿಸಿದ್ದಾರೆ.

ಚಿಪ್ಸ್ ಪ್ಯಾಕೆಟ್ ಓದುವ ಮೇಜಿನ ಮೇಲೆ ಬೇಡ. ರೂಮಿನಲ್ಲೇ ಇಲ್ಲದಿದ್ದರೆ ಇನ್ನೂ ಚೆನ್ನ. ಇನ್ನೊಬ್ಬ ಮನಶ್ಶಾಸ್ತ್ರಜ್ಞ ವಾಲ್ಟರ್ ಮಿಶೆಲ್ ಅಮೆರಿಕದ ಸ್ಟ್ಯಾನ್‌ಫರ್ಡ್‌ ವಿಶ್ವವಿದ್ಯಾಲಯದಲ್ಲಿ ಮಕ್ಕಳ ಮುಂದೆ ಸಿಹಿ ಇಟ್ಟು ಪರೀಕ್ಷಿಸಿದಾಗ, ಅದು ಕಣ್ಣಿಗೆ ಕಾಣದಂತೆ ಮುಚ್ಚಿಟ್ಟಾಗ ಮಕ್ಕಳು ಹೆಚ್ಚು ಹೊತ್ತು ಕಾದರು. ದೊಡ್ಡವರದ್ದೂ ಅದೇ ಕಣ್ಣು ಅಲ್ವಾ?

ಇನ್ನು ಕೋಲಾ. ಬೆರೆಸಿದ ಸಕ್ಕರೆ ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 300 ಮಿಲಿಲೀಟರ್ ಕೋಲಾದಲ್ಲೇ ಅದಕ್ಕಿಂತ ಹೆಚ್ಚಿರುತ್ತದೆ. ನಮ್ಮ ಬಿಸಿಲಿಗೆ ಮಜ್ಜಿಗೆ ಕುಡಿಯಿರಿ.

ಮಿರ್ಚಿ ಪೂರ್ತಿ ಬಿಡಿ ಅಂತ ನಾನು ಹೇಳುವುದಿಲ್ಲ. ಶನಿವಾರ ಗೆಳೆಯರ ಜೊತೆ ಹೋಗಿ. ಫೋನ್ ಜೇಬಿನಲ್ಲಿಟ್ಟು ಎರಡೇ ಮಿರ್ಚಿ ನಿಧಾನಕ್ಕೆ ತಿನ್ನಿ. ಯಾವತ್ತಾದರೂ ಆರು ತಿಂದುಬಿಟ್ಟರೆ ಮರುದಿನ ಉಪವಾಸ ಮಾತ್ರ ಮಾಡಬೇಡಿ. ಬೆಳಗಿನ ತಿಂಡಿ ಎಂದಿನಂತೆ ತಿನ್ನಿ, ಇಲ್ಲದಿದ್ದರೆ ಸಂಜೆ ಮತ್ತೆ ಹಸಿದೇ ಬಂಡಿ ಮುಂದೆ ನಿಂತಿರುತ್ತೀರಿ.